ಎರಡನೇ ಸಹಿ

ಜೂನ್ 9, 2008, ಸೋಮವಾರ

ಬೆಳಿಗ್ಗೆಯಿಂದ ಮೂರು ಲಗ್ನಪತ್ರಿಕೆ. ಎರಡು ಮೂಡಲಗಿಯವು, ಒಂದು ಧುಪದಾಳದ್ದು. ಕೊಣ್ಣೂರಿನ ಮನೆಯಿಂದ ದಿನಾ ಬಸ್ಸಿನಲ್ಲಿ ಗೋಕಾಕಿಗೆ, ಬಾಪುಸಾಹೇಬ ಕಾಕಾರ ಡಿಟಿಪಿ ಅಂಗಡಿಗೆ, ಬರತೊಡಗಿ ನಾಲ್ಕು ವರ್ಷವಾಯಿತು. ಇನ್ನೂ ಊರವರ ಮಾವಂದಿರ ಹೆಸರು ಟೈಪ್ ಮಾಡುವುದೇ ನನ್ನ ಬಾಳು.

ಹಿಂದೊಮ್ಮೆ ಹುಕ್ಕೇರಿಯ ಪತ್ರಿಕೆಯೊಂದರಲ್ಲಿ ಹುಡುಗಿಯ ಸೋದರಮಾವನ ಹೆಸರೇ ಬಿಟ್ಟುಹೋಗಿತ್ತು. ಆ ಮನುಷ್ಯ ಅಂಗಡಿಗೆ ಬಂದು ಸಂಜೆಯತನಕ ಕೂತ. ಅಂದಿನಿಂದ ಕಾಕಾರ ಕಾನೂನು — ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬರೆದುಕೊಟ್ಟ ಚೀಟಿಯ ಮೇಲೆ ಬೆರಳಿಟ್ಟು ನೋಡಬೇಕು, ಪ್ರೂಫಿನ ಮೂಲೆಯಲ್ಲಿ ಇಬ್ಬರ ಸಹಿ. ಎರಡು ಸಹಿ ಇಲ್ಲದ ಹಾಳೆ ಹೊಸ್ತಿಲು ದಾಟುವಂತಿಲ್ಲ. ಇಬ್ಬರು ಅಂದರೆ ನಾನು ಮತ್ತು ಅಲ್ಮಾಸ. ಎರಡು ವರ್ಷದ ಹಿಂದೆ ಅವಳಿಗೆ ಒತ್ತಕ್ಷರ ಎಲ್ಲಿ ಕೂಡುತ್ತದೆಂದು ಕೈ ಹಿಡಿದು ಕಲಿಸಿದವಳು ನಾನೇ.

ಇವತ್ತು ಅವಳು ಇಂಟರ್ನೆಟ್ಟಿನಲ್ಲಿ ಒಂದು ಸೈಟು ಹುಡುಕಿದಳು. ನಮಗೆ ಯಾವ ಕೆಲಸ ಮಾಡಲು ಬರುತ್ತದೆಂದು ಹಾಕಿಟ್ಟರೆ ಎಲ್ಲೆಲ್ಲಿಯವರೋ ನೋಡಿ ಕೆಲಸ ಕೊಡುತ್ತಾರಂತೆ. ಇಬ್ಬರೂ ಪ್ರೊಫೈಲ್ ಮಾಡಿಕೊಂಡೆವು. ನಾನು ಇದ್ದದ್ದು ಇದ್ದ ಹಾಗೆ ಬರೆದೆ — ಬಿಎ ಕನ್ನಡ, ಮನೆಯಲ್ಲಿ ಮರಾಠಿ, ನಾಲ್ಕು ವರ್ಷದ ಅನುಭವ. ಫೋಟೋ ಹಾಕಲಿಲ್ಲ. ಅಣ್ಣ ನೋಡಿದರೆ ನಾಳೆಯಿಂದ ಕೊಣ್ಣೂರ ಬಿಟ್ಟು ಹೊರಗೆ ಕಳಿಸುವುದಿಲ್ಲ. ಅಲ್ಮಾಸ ವೆಬ್‌ಕ್ಯಾಮಿನ ಮುಂದೆ ನಕ್ಕು ಫೋಟೋ ಹಿಡಿದಳು. ಹೊರಡುವಾಗ, ನಿಮ್ಮ ಹೆಸರೂ ನನ್ನದರಲ್ಲಿ ಹಾಕಲೇ ಎಂದೇನೋ ಕೇಳಿದಳು. ಬಸ್ಸಿನ ಹೊತ್ತು. ನನ್ನ ಹೆಸರು ಎಲ್ಲಿಯೂ ಬೇಡ ಎಂದು ಓಡಿದೆ.

ಜೂನ್ 17, ಮಂಗಳವಾರ. ಮಧ್ಯಾಹ್ನ

ಅಲ್ಮಾಸಳಿಗೆ ಕೆಲಸ ಬಂದಿದೆ. ಪುಣೆಯಿಂದ. ಕುಕ್ಕರಿನ ಜೊತೆ ಕೊಡುವ ಪುಸ್ತಿಕೆ, ಮರಾಠಿಯಿಂದ ಕನ್ನಡಕ್ಕೆ. ನನಗೆ — ಸೊನ್ನೆ. ದಿನಕ್ಕೆ ನಾಲ್ಕು ಸಲ ತೆಗೆದು ನೋಡಿದ್ದೇ ಬಂತು.

ಊಟದ ಹೊತ್ತಿಗೆ ಪ್ರಿಂಟ್ ತೆಗೆದುಕೊಂಡು ಬಂದು ಎದುರು ಕೂತು ಓದಿದಳು. ರೊಟ್ಟಿ ಅಗಿಯುತ್ತಾ ಕೇಳಿದೆ. ಎಡಗೈ ಬೆರಳು ತಾನಾಗಿಯೇ ಮರಾಠಿ ಪ್ರತಿಯ ಮೇಲೆ ಹೋಯಿತು, ಚಟ. ‘ಗ್ಯಾಸ್ಕೆಟ್’ ಎಂದು ಬರೆದಿದ್ದಳು. ಯಾವ ಮನೆಯಲ್ಲಿ ಹಾಗೆನ್ನುತ್ತಾರೆ, ಕುಕ್ಕರಿನ ರಬ್ಬರು ಎಂದು ಬರಿ ಎಂದೆ. ಇನ್ನೂ ಹತ್ತು ಹನ್ನೊಂದು ಕಡೆ ತಿದ್ದಿಸಿದೆ. ಪೆನ್ನು ಕೊಟ್ಟಳು, ಮೂಲೆಯಲ್ಲಿ ‘ಶ್ರ’ ಎಂದು ಗೀಚಿದೆ. ಚಟ್ನಿ ಸಪ್ಪೆಯಾಗಿತ್ತು.

ಜೂನ್ 26, ಗುರುವಾರ

ಐದಕ್ಕೆ ಐದು ನಕ್ಷತ್ರ ಅವಳಿಗೆ. ಕೆಳಗೆ ಪುಣೆಯವರು ಬರೆದಿದ್ದಾರೆ — ರಬ್ಬರು ಎಂಬ ಮಾತು ನೋಡಿ ಸಂಕೇಶ್ವರದ ನನ್ನ ತಾಯಿ ಮಾತಾಡಿದಂತೆ ಆಯಿತು, ಈ ಹೆಣ್ಣುಮಗಳಿಗೆ ಭಾಷೆ ಗೊತ್ತು.

ಈ ಹೆಣ್ಣುಮಗಳಿಗೆ!

ಅಲ್ಮಾಸ ಪೇಢೆ ತಂದಿದ್ದಳು. ನನಗೆ ಮೊದಲು ಕೊಟ್ಟಳು. ಹಲ್ಲುನೋವು ಎಂದೆ.

ಜುಲೈ 3, ಗುರುವಾರ

ನನಗೂ ಒಬ್ಬರು ಸ್ಯಾಂಪಲ್ ಕೇಳಿದ್ದರು. ಕಳಿಸಿದೆ. ನಮ್ಮ ಅಂಗಡಿಯ ಫಾಂಟು ಅವರ ಕಂಪ್ಯೂಟರಿನಲ್ಲಿ ಇಲ್ಲ, ಬರೀ ಗೀಟು ಚುಕ್ಕೆಯಾಗಿ ಕಂಡಿತಂತೆ. ಆಮೇಲೆ ಅವರ ಸುದ್ದಿಯಿಲ್ಲ. ಅಲ್ಮಾಸ ಪಿಡಿಎಫ್ ಮಾಡಿ ಕಳಿಸುತ್ತಾಳೆ, ಅದಕ್ಕೇ ಅವಳದು ಸರಿ ಕಾಣುತ್ತದೆ. ನನಗೇಕೆ ಹೇಳಲಿಲ್ಲ? ಕೇಳಿದ್ದರೆ ಹೇಳುತ್ತಿದ್ದಳೇನೋ. ಅವಳನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ಇವತ್ತು ಅವಳದು ಮತ್ತೆರಡು ಓದಿದಳು. ಮಿಕ್ಸರ್, ಬೀಜದ ಚೀಲದ ಮೇಲಿನ ಸೂಚನೆ. ಕೇಳಿದೆ, ತಿದ್ದಿದೆ, ಗೀಚಿದೆ.

ಜುಲೈ 8, ಮಂಗಳವಾರ

ಈಗ ಯಾರೇ ಅಂಗಡಿಗೆ ಬರಲಿ, ಕಾಕಾರ ಬಾಯಲ್ಲಿ ಒಂದೇ ಮಾತು, ನಮ್ಮ ಅಲ್ಮಾಸ ಪುಣೆಯವರಿಗೆ ಕೆಲಸ ಮಾಡಿಕೊಡುತ್ತಾಳೆ. ಮಮದಾಪುರದ ಶೆಟ್ಟೆಪ್ಪ ಎನ್ನುವವರು ಪತ್ರಿಕೆ ಮಾಡಿಸಲು ಬಂದು, ಆ ಹುಡುಗಿಯ ಕೈಲೇ ಮಾಡಿಸಿರೆಂದು ಕೂತರು. ನಾನು ಎದುರಿಗೇ ಇದ್ದೆ. ಮನೆಗೆ ಬಂದರೆ ಹೆತ್ತ ಆಯಿ ಕೂಡ ಕೇಳಿದಳು, ನಿನಗೆ ಅಂಥದ್ದು ಬರುವುದಿಲ್ಲೇನು ಎಂದು.

ಅವಳ ಮದುವೆಯೂ ಹೆಚ್ಚು ಕಡಿಮೆ ಗೊತ್ತಾದಂತೆ. ಹುಡುಗನ ಮನೆಯವರು ಅಂಗಡಿಗೆ ಹೋಗುವುದು ಬೇಡ, ಮನೆಯಲ್ಲೇ ಕೂತು ಈ ಕಂಪ್ಯೂಟರ್ ಕೆಲಸ ಮಾಡಲಿ ಎಂದಿದ್ದಾರೆ. ಅವಳ ಅಪ್ಪ ಹಾಜಿಮಲಂಗ ಚಾಚಾ ಅದಕ್ಕೇ ಒಪ್ಪಿದ್ದು. ಎಲ್ಲ ಅವಳಿಗೇ. ನನಗೆ ಇಪ್ಪತ್ತೇಳು ತುಂಬಿತು.

ಅವಳಿಲ್ಲದಾಗ ಅವಳ ಪ್ರೊಫೈಲ್ ತೆಗೆದು ನೋಡಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಮೇಲೆಯೇ ದಪ್ಪಕ್ಷರದಲ್ಲಿ — ನಮ್ಮ ಪ್ರತಿ ಪುಟವನ್ನೂ ಇಬ್ಬರು ಓದುತ್ತೇವೆ. ಇಬ್ಬರಂತೆ. ಎಲ್ಲಿದ್ದಾರೆ ಆ ಇನ್ನೊಬ್ಬರು? ಒಬ್ಬಳೇ ಕೂತು ಮಾಡುವುದು, ದೊಡ್ಡ ಕಂಪನಿಯ ಹಾಗೆ ತೋರಿಸಿಕೊಳ್ಳುವುದು. ಖರೆ ಬರೆದ ನನಗೆ ಸೊನ್ನೆ, ಇವಳಿಗೆ ನಕ್ಷತ್ರ.

ಜುಲೈ 9, ಬುಧವಾರ. 11:20

ಬರೆದುಬಿಟ್ಟೆ. ಆ ಸೈಟಿನಲ್ಲಿ ದೂರು ಹೇಳಲು ಒಂದು ಜಾಗ ಇದೆ. ಬೇರೆ ಹೆಸರಿನಲ್ಲಿ ಹೊಸ ಇಮೇಲ್ ಮಾಡಿಕೊಂಡು ಬರೆದೆ. ಈಕೆ ಗ್ರಾಹಕರಿಗೆ ಸುಳ್ಳು ಹೇಳುತ್ತಿದ್ದಾಳೆ, ಈಕೆಯ ಹತ್ತಿರ ಎರಡನೆಯವರು ಯಾರೂ ಇಲ್ಲ, ನಾನು ಹತ್ತಿರದಿಂದ ಬಲ್ಲೆ.

ಕಳಿಸುವ ಬಟನ್ ಒತ್ತಿದೆ. ಹಾಯೆನಿಸಿತು.

ಜುಲೈ 19, ಶನಿವಾರ

ಹತ್ತು ದಿನ ಈ ಡೈರಿ ಮುಟ್ಟಿರಲಿಲ್ಲ.

ಅಲ್ಮಾಸಳ ಪ್ರೊಫೈಲ್ ನಿಲ್ಲಿಸಿದ್ದಾರೆ. ಬೆಳಿಗ್ಗೆ ಬಂದವಳು ಬುರ್ಖಾ ಕೂಡ ತೆಗೆಯದೆ ಕೂತಳು. ಮುಖ ನೋಡಿ ಮೊದಲು ಒಳಗೊಳಗೆ ಖುಷಿಯಾಯಿತು. ಇದನ್ನೂ ಬರೆಯುತ್ತೇನೆ, ಇಲ್ಲಿಯಾದರೂ.

ಸೈಟಿನವರ ಇಮೇಲ್ ತೋರಿಸಿದಳು. ಎರಡನೆಯ ಓದುಗರು ಇಲ್ಲವೆಂದು ದೂರು ಬಂದಿದೆ, ಐದು ದಿನದೊಳಗೆ ಆ ಎರಡನೆಯವರೇ ಫಾರಂ ತುಂಬಿ ಕಳಿಸಬೇಕು, ಇಲ್ಲದಿದ್ದರೆ ಪ್ರೊಫೈಲ್ ಕಾಯಮಾಗಿ ತೆಗೆಯುತ್ತೇವೆ. ಅದು ಹೋದರೆ ಮದುವೆಯ ನಂತರ ಒಲೆ ಮುಂದೆ ಕೂರುವುದೇ ತನ್ನ ಪಾಲಿಗೆ ಎಂದಳು. ಅಳಲಿಲ್ಲ.

ಯಾರಿಂದ ತುಂಬಿಸುತ್ತೀ ಎಂದು ಕೇಳಿದೆ. ಆಡುವಾಗ ಸ್ವಲ್ಪ ಕೊಂಕೇ ಇತ್ತು ದನಿಯಲ್ಲಿ.

ಅವಳು ನನ್ನ ಮುಖವನ್ನೇ ನೋಡಿದಳು. “ನೀವ ಅಲ್ಲೇನ್ರಿ ಅಕ್ಕಾ ಎರಡನೇದವರು? ಹೆಸರ ಬ್ಯಾಡ ಅಂದಿದ್ರಿ ಅಂತ ಇಬ್ಬರು ಅಂತಷ್ಟ ಬರದೇನಿ.”

ಆಮೇಲೆ ಡ್ರಾವರಿನಿಂದ ಒಂದು ಫೈಲು ತೆಗೆದಳು. ಕುಕ್ಕರ್, ಮಿಕ್ಸರ್, ಬೀಜದ ಚೀಲ. ಒಂದೊಂದು ಹಾಳೆಯ ಮೂಲೆಯಲ್ಲೂ ಎರಡು ಸಹಿ. ಮೇಲೆ ‘ಅ’, ಕೆಳಗೆ ‘ಶ್ರ’. ಒಂದೂ ತಪ್ಪಿಲ್ಲ. ಒಂದು ಹಾಳೆಯ ಮೇಲೆ ನನ್ನ ಚಟ್ನಿಯ ಕಲೆ.

ಜುಲೈ 20, ಭಾನುವಾರ

ಹಿಂದಿನ ಪುಟ ತಿರುವಿದೆ. ಜೂನ್ 9. ‘ನಿಮ್ಮ ಹೆಸರೂ ನನ್ನದರಲ್ಲಿ ಹಾಕಲೇ ಎಂದೇನೋ ಕೇಳಿದಳು.’ ನನ್ನದೇ ಅಕ್ಷರ, ನನ್ನದೇ ಪೆನ್ನು. ಅಂದರೆ ಅವಳ ಪ್ರೊಫೈಲಿನಲ್ಲಿ ಇದ್ದದ್ದು ಖರೆ. ಸುಳ್ಳು ಇದ್ದದ್ದು ನನ್ನ ದೂರಿನಲ್ಲಿ ಮಾತ್ರ. ಆ ‘ಹೆಣ್ಣುಮಗಳಿಗೆ ಭಾಷೆ ಗೊತ್ತು’ ಎಂದದ್ದು ನನಗೇ ಆಗಿತ್ತೇನೋ, ಅದಕ್ಕೇ ಅವತ್ತು ಪೇಢೆ ನನಗೆ ಮೊದಲು ಕೊಟ್ಟಿದ್ದು.

ಅವಳ ಕೈಯಲ್ಲಿ ಕೆಲಸ ಉಳಿಯಬೇಕು. ಫಾರಂ ತುಂಬುತ್ತೇನೆ. ತುಂಬಿ ಸುಮ್ಮನಾಗುತ್ತೇನೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ತಾಟಿನಲ್ಲಿ ರೊಟ್ಟಿ ಹಾಗೇ ಏಕೆ ಉಳಿದಿದೆ ಎಂದು ಆಯಿ ಕೇಳಿದಳು. ಹಲ್ಲುನೋವು ಎಂದೆ, ಮತ್ತೆ.

ಜುಲೈ 22, ಮಂಗಳವಾರ. 4:10, ಅಂಗಡಿ

ಕರೆಂಟು ಹೋಗಿದೆ. ಅಲ್ಮಾಸ ಚಹಾ ತರಲು ಬಾಜೂ ಹೋಟೆಲಿಗೆ ಹೋಗಿದ್ದಾಳೆ. ಅಷ್ಟರಲ್ಲಿ ಬರೆದುಬಿಡುತ್ತೇನೆ.

ಮೂರಕ್ಕೆ ಫಾರಂ ತೆಗೆದೆವು. ಅಂಗಡಿಯ ಪದ್ಧತಿಯಂತೆಯೇ — ಅವಳು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದುವುದು, ನಾನು ನೋಡಿ ತುಂಬುವುದು. ಹೆಸರು. ಶ್ರದ್ಧಾ ಮಗದುಮ್ ಎಂದು ಪೂರ್ತಿ ಹಾಕಿದೆ. ಅಣ್ಣನಿಗೆ ಏನಂತೀರಿ ಎಂದು ಅವಳು ನಿಲ್ಲಿಸಲು ನೋಡಿದಳು. ಇರಲಿ ಎಂದೆ. ಎಷ್ಟು ವರ್ಷದಿಂದ ಪರಿಚಯ. ಈ ಪುಟಗಳನ್ನು ಓದಿದ್ದೀರಾ, ಹೌದು. ಸಹಿ ನಿಮ್ಮದೇ, ಹೌದು. ಒಂದೂ ಸುಳ್ಳಿಲ್ಲದೆ ನಾಲ್ಕು ಮುಗಿದವು.

ಐದನೆಯದು ಓದಿದಳು. ‘ಈ ವ್ಯಕ್ತಿಯ ಬಗ್ಗೆ, ಇದೇ ಹೆಸರಿನಲ್ಲಿ ಅಥವಾ ಬೇರೆ ಹೆಸರಿನಲ್ಲಿ, ಈ ಹಿಂದೆ ನಮಗೆ ಬರೆದಿದ್ದೀರಾ?’

ನನ್ನ ಕೈ ಮೌಸಿನ ಮೇಲೆ ಹಾಗೆಯೇ ಇತ್ತು. ಅವಳು ನಕ್ಕಳು.

“ಇದನ್ನೇನ ಕೇಳ್ತಾರ್ರಿ. ಇಲ್ಲ ಅಂತ ಒತ್ತಿ ಬಿಡ್ರಿ ಅಕ್ಕಾ, ನಿಮ್ಮ ಪರವಾಗಿ ನಾ ಸಹಿ ಮಾಡ್ತೇನಿ.”

ಆಗಲೇ ಕರೆಂಟು ಹೋಯಿತು. ಪರದೆ ಕಪ್ಪಾಯಿತು, ಅದರಲ್ಲಿ ಇಬ್ಬರ ಮುಖಗಳು ಕಂಡವು.

‘ಇಲ್ಲ’ ಎಂದು ಒತ್ತಿದರೆ ಎಲ್ಲ ಸರಿಹೋಗುತ್ತದೆ. ಅವಳ ಪ್ರೊಫೈಲ್, ಮದುವೆ, ನಮ್ಮ ಊಟದ ಹೊತ್ತು. ಆದರೆ ಆ ಫಾರಂ ಕೂಡ ಒಂದು ಪ್ರೂಫು. ಓದಿದವಳು ಅವಳು. ತಪ್ಪು ಎಲ್ಲಿದೆಯೆಂದು ಗೊತ್ತಿದ್ದೂ ಕೆಳಗೆ ‘ಶ್ರ’ ಗೀಚಿದರೆ, ಆ ಫೈಲಿನ ಉಳಿದ ಸಹಿಗಳಿಗೆ ಏನು ಬೆಲೆ?

ಫ್ಯಾನು ತಿರುಗಿತು. ಕರೆಂಟು ಬಂತು. ಹೊರಗೆ ಅವಳ ಚಪ್ಪಲಿ ಸದ್ದು. ಎರಡು ಕಪ್ ಚಹಾ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಳೆ. ಒಂದನ್ನು ನನ್ನ ಮುಂದೆ ಇಡುತ್ತಾಳೆ, ಮೊದಲು ನನ್ನ ಮುಂದೆ. ಅದನ್ನು ಮುಟ್ಟುವ ಮುಂಚೆ ಹೇಳಬೇಕು. ಮಾತು ಸುತ್ತಬಾರದು. ಅಲ್ಮಾಸ, ಆ ದೂರು ಬರೆದವಳು —