ಗದ್ದೆ ನೀರಿನ ಕಾವಲುಗಾರ

ಗುರುವಾರ, ಸಂಜೆ

ಪ್ರೀತಿಯ ಅಮ್ಮನಿಗೆ,

ನಿನ್ನ ಪತ್ರ ಸೇರಿತು. ಹಾಲು ಬಿಟ್ಟ ಕೂಸನ್ನು ಗಂಡನ ಕೈಗೆ ಕೊಟ್ಟು ಮೀನಿನ ಮಕ್ಕಳನ್ನು ಎಣಿಸಲು ಹೋದವಳು ಎಂಥ ತಾಯಿ ಎಂದು ಕೇಳಿದ್ದೀಯ. ಉತ್ತರದ ಬದಲಿಗೆ ಒಂದು ಕಥೆ ಹೇಳುತ್ತೇನೆ, ಬೈಯದೆ ಕೇಳು.

ಇದನ್ನು ನನಗೆ ಮೊದಲು ಹೇಳಿದವಳು ದೋಣಿ ನಡೆಸುವ ಅಕ್ಕ, ನಾಟಿ ಮುಗಿದ ವಾರ, ಕೆರೆಯಂಚಿನಲ್ಲಿ ಬಲೆ ಒಣಹಾಕುತ್ತಾ. ಹಾವಿನಂಥ ತಲೆಯ ಮೀನೊಂದು ಕೆರೆಯಿಂದ ಗದ್ದೆಗೆ ನುಗ್ಗಿ ಮೊಟ್ಟೆ ಇಡುತ್ತದೆ. ಮರಿಗಳು ಕೆಂಪು ಮೋಡದ ಹಾಗೆ ತೇಲಿದರೆ, ಕೆಳಗೆ ಒಂದು ದೊಡ್ಡ ಮೀನು ಅನ್ನ ನೀರು ಬಿಟ್ಟು ಕಾಯುತ್ತದೆ. "ತಾಯಿ ಕಣವ್ವಾ, ಅದಕ್ಕೇ ನಾವ್ಯಾರೂ ಅದಕ್ಕೆ ಗಾಳ ಹಾಕಲ್ಲ" ಎಂದಳು. ಆ ದಯೆಯಿಂದಲೇ ಮರಿಗಳು ಉಳಿದಿವೆ, ನನ್ನ ಕೆಲಸವೂ.

ಹೋದ ವಾರ ಕೊಕ್ಕರೆ ಕುಕ್ಕಿ ಕಾವಲಿನ ಮೀನೊಂದು ಸತ್ತಿತು. ಕುಯ್ದು ನೋಡಿದೆ. ಗಂಡು! ಎಲ್ಲೋ ತಪ್ಪಿದೆ ಅಂದುಕೊಂಡೆ. ಇನ್ನೊಂದು ಸತ್ತಿತು. ಅದೂ ಗಂಡೇ.

ಕಾಯುವುದು ತಾಯಿಯಲ್ಲ ಎಂದು ಹೇಳಿದರೆ ಗಾಳ ಬೀಳುತ್ತದೆ, ಮರಿಗಳು ಕಪ್ಪೆಗಳ ಪಾಲು. ಹೇಳದಿದ್ದರೆ ನಾನು ಓದಿದ್ದೇಕೆ? ನಿಜ ನಿಜವೇ ಎಂದುಕೊಂಡು ನಿನ್ನೆ ಸಂಜೆ ದೋಣಿಕಟ್ಟೆಯಲ್ಲಿ ಸೇರಿದ್ದವರ ಮುಂದೆ ಬಾಯಿಬಿಟ್ಟೆ.

"ಹಂಗಾದ್ರೆ ತಾಯಿ ಎಲ್ಲೋದ್ಲು?" ಎಂದಳು ಅಕ್ಕ.

ಕೆರೆಗೆ, ಹೊಟ್ಟೆ ತುಂಬಿಸಿಕೊಳ್ಳಲು ಎಂದೆ.

"ಪುಣ್ಯವಂತೆ!" ಎಂದು ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅಕ್ಕನ ಗಂಡ ಮಾತ್ರ ನಗಲಿಲ್ಲ. "ಗಂಡೇ ಆದ್ಮೇಲೆ ಹಿಡಿಯೋಕೇನಡ್ಡಿ?" ಎಂದು ಎದ್ದು ಹೋದ.

ಕಾಯುವ ಗಂಡನ್ನು ಕಂಡು ನನಗೆ ಸಮಾಧಾನವಾಗಬೇಕಿತ್ತಲ್ಲವೇ? ಆಗಲಿಲ್ಲಮ್ಮ. ಕೂಸು ಈಗ ಯಾರನ್ನು ಕರೆದು ಅಳುತ್ತದೋ ಎಂಬುದೇ ತಲೆ ತಿನ್ನುತ್ತಿದೆ.

ನಿನ್ನ,
ಮೊಂಡಿ

ತಾ.ಕ.: ಇಂದು ಬೆಳಿಗ್ಗೆ ನಡೆದದ್ದನ್ನು ಬರೆಯಬಾರದು ಎಂದುಕೊಂಡಿದ್ದೆ. ಅಕ್ಕನ ಗಂಡ ಮರಿಗಳ ಕೆಳಗಿನಿಂದ ಹಿಡಿದ ಮೀನನ್ನು ಬಕೆಟ್ಟಿನಲ್ಲಿ ಜೀವಂತ ತಂದು ನನ್ನ ಬಾಗಿಲಲ್ಲಿಟ್ಟ. ಹಿಂದೆ ನಿನ್ನೆಯ ಮಂದಿಯೆಲ್ಲ. "ಇದು ಗಂಡು ತಾನೇ? ನೋಡಿ ಹೇಳವ್ವ." ಹೊರಗಿನಿಂದ ತಿಳಿಯದು, ಕುಯ್ಯಬೇಕು, ನಾನು ನೋಡಿದ್ದೂ ಎರಡನ್ನೇ ಎಂದೆ. "ಕುಯ್ದ್ಮೇಲೆ ತಾಯಿ ಅಂತಾದ್ರೆ?" ಎಂದ. ಯಾರೂ ಚಾಕು ಮುಟ್ಟಲಿಲ್ಲ. "ಓದಿದೋರ ಸಹವಾಸ ಸಾಕಪ್ಪ" ಎಂದು ಬೈಯುತ್ತಲೇ ಬಕೆಟ್ಟು ಹೊತ್ತು, ಅದೇ ಗದ್ದೆಗೆ, ಅದೇ ಮರಿಗಳ ಕೆಳಗೆ ಬಿಡಲು ಓಡಿದರು. ನಾನೂ ಓಡಿದೆ.

ಇನ್ನೊಂದು ಮಾತು. ನಿಜಕ್ಕಾಗಿ ಬಾಯಿಬಿಟ್ಟೆ ಎಂದೆನಲ್ಲ, ಅಷ್ಟೇ ಅಲ್ಲ. ನಿನ್ನ ಪತ್ರ ಬಂದದ್ದು ನಿನ್ನೆ ಮಧ್ಯಾಹ್ನವೇ. ಆ ಸಿಟ್ಟಿಗೇ ಆ ಮರಿಗಳನ್ನು ಪಣಕ್ಕಿಟ್ಟೆನೇನೋ.