ಚಾನಲ್ ಏರಿಯ ಸೋರೆಕಾಯಿ

ಮೇ 9, ಗುರುವಾರ

ಇವತ್ತೂ ನಲ್ಲಿ ಬರಲಿಲ್ಲ. ಪಾತ್ರೆ ತೊಳೆದ ನೀರು, ಬಟ್ಟೆ ಜಾಲಿಸಿದ ನೀರು ಎಲ್ಲ ಬಕೆಟ್ಟಿಗೆ ತುಂಬಿ ಪಕ್ಕದ ಖಾಲಿ ಸೈಟಿಗೆ ಹೊತ್ತೆ. ಬದನೆಗೆ ಅರ್ಧ, ಬೆಂಡೆಗೆ ಅರ್ಧ. ಹೀರೆ ಬಳ್ಳಿ ಮಧ್ಯಾಹ್ನ ಸೋತು ಬೀಳುತ್ತದೆ, ಸಂಜೆಗೆ ಏಳುತ್ತದೆ. ಏಳದೆ ಏನು, ನನ್ನ ಕೈಯಲ್ಲಿ ಬೆಳೆದದ್ದು. ಈ ಬಿಸಿಲಲ್ಲಿ ಜನ್ನಾಪುರದಲ್ಲಿ ಹಸಿರು ಅಂತ ಉಳಿದಿರುವುದು ನನ್ನ ಸೈಟಿನಲ್ಲಿ ಮಾತ್ರ. ಜಂಬ ಅಂದರೆ ಜಂಬ, ಹೋಗಲಿ.

ಇವರು ವರಾಂಡದಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಬೆನ್ನು ನೋವಂತೆ. ಕೆಲಸದಿಂದ ರಿಟೈರ್ ಆದ ದಿನವೇ ಬೆನ್ನೂ ರಿಟೈರ್ ಆಯಿತು.

ಮೇ 10, ಶುಕ್ರವಾರ

ಇವರ ಶುಗರ್ ರಿಪೋರ್ಟ್ ಬಂತು. ಮತ್ತೆ ಏರಿದೆ. ಕದ್ದು ಜಿಲೇಬಿ ತಿಂದರೆ ಇನ್ನೇನಾಗುತ್ತದೆ. ಭಾನುವಾರದಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಸೋರೆಕಾಯಿ ಜ್ಯೂಸ್ ಎಂದೆ. ಅವರ ವಾಕಿಂಗ್ ಗುಂಪಿನಲ್ಲಿ ಎಲ್ಲರೂ ಕುಡಿಯುತ್ತಾರೆ. ಇವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ನನ್ನ ಸೋರೆ ಬಳ್ಳಿ ಹೋದ ತಿಂಗಳೇ ಒಣಗಿ ಹೋಗಿದೆ. ಸಂಜೆ ಪಕ್ಕದ ಮನೆಯ ಶಮೀಮ್ ಜತೆ ಚಾನಲ್ ಏರಿ ಮೇಲೆ ಸೊಪ್ಪು ಕುಯ್ಯಲು ಹೋದೆ. ನಾಲೆಗೆ ನೀರು ನಿಲ್ಲಿಸಿದ್ದಾರೆ. ಆದರೂ ತಳದ ತೇವದಲ್ಲಿ ಹೊನಗೊನ್ನೆ ಇದೆ, ಒಂದೆಲಗ ಇದೆ. ಮಡಿಲು ತುಂಬಿತು. ವಾಪಸು ಬರುವಾಗ ಮುಳ್ಳುಬೇಲಿ ಮೇಲೆ ಸೋರೆ ಬಳ್ಳಿ! ಯಾರೂ ಬಿತ್ತಿದ್ದಲ್ಲ, ತಾನಾಗಿ ಹುಟ್ಟಿದ್ದು. ಎರಡು ಎಳೆಗಾಯಿ.

ಎಲ್ಲಿಯ ಬೀಜವೋ ಏನೋ ಎಂದು ಶಮೀಮ್ ಅನುಮಾನಿಸಿದಳು. ಸೋರೆಕಾಯಿ ನನಗೆ ಗೊತ್ತಿಲ್ಲವೇ? ಉಗುರು ಚುಚ್ಚಿ ತೋರಿಸಿದೆ. ನಿನಗೆ ಎಲ್ಲದರಲ್ಲೂ ಅನುಮಾನ ಮಾರಾಯ್ತಿ ಎಂದೆ. ಒಂದು ಅವಳಿಗೆ, ಒಂದು ನನಗೆ.

ಮೇ 12, ಭಾನುವಾರ. ಬೆಳಿಗ್ಗೆ

ನಿನ್ನೆ ರಾತ್ರಿ ಶಮೀಮ್ ಕಾಂಪೌಂಡಿನ ಮೇಲಿಂದ ಬಿರಿಯಾನಿ ಡಬ್ಬಿ ಕೊಟ್ಟಳು. ತಂಗಿ ಮಗಳು ಫಲಕ್‌ಗೆ ಮದುವೆ ನಿಶ್ಚಯವಾಗಿದೆ. ಬಿರಿಯಾನಿ ಜತೆಯ ದಾಲ್ಚಾಗೆ ಸೋರೆಕಾಯಿ ಹಾಕಿದೆಯಾ ಎಂದು ಕೇಳಿದೆ. ಇಲ್ಲ, ಬದನೆಕಾಯಿ ಎಂದಳು. ಇನ್ನೇನೋ ಹೇಳುವವಳ ಹಾಗೆ ನಿಂತಳು, ಹೇಳದೆ ಹೋದಳು. ಇಬ್ಬರೂ ಹೊಟ್ಟೆ ಬಿರಿಯ ತಿಂದೆವು.

ಅದಕ್ಕೇ ಇವತ್ತು ಜ್ಯೂಸ್ ಬಿಡಲಿಲ್ಲ. ಮೊದಲ ಗುಟುಕಿಗೇ ಇವರು ಮುಖ ಕಿವುಚಿದರು. ಕಹಿ ಅಂದರು. ಕಹಿ ಇದ್ದರೇ ಶುಗರ್‌ಗೆ ಒಳ್ಳೆಯದು, ಹಾಗಲಕಾಯಿ ಏನು ಸಿಹಿಯಾ ಎಂದೆ. ಲೋಟ ಕೆಳಗಿಟ್ಟರು. ನಾನು ಸೊಂಟಕ್ಕೆ ಕೈಯಿಟ್ಟು ಎದುರಿಗೇ ನಿಂತೆ. ಮೂಗು ಹಿಡಿದುಕೊಂಡು ಪೂರ್ತಿ ಕುಡಿದರು.

ನಾಳೆಯೂ ಇದೇ. ಅಭ್ಯಾಸ ಆಗುತ್ತದೆ.

ಅದೇ ದಿನ, ಸಂಜೆ. ಶಿವಮೊಗ್ಗ

ಆಸ್ಪತ್ರೆ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಜ್ಯೂಸ್ ಕುಡಿದು ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಕುಸಿದರು. ವಾಂತಿ. ಭೇದಿ. ಮತ್ತೆ ವಾಂತಿ — ಅದರಲ್ಲಿ ರಕ್ತ. ನನ್ನ ಕೂಗು ಕೇಳಿ ಶಮೀಮಳ ಗಂಡ ಹುಸೇನ್ ಓಡಿ ಬಂದ. ಇವರನ್ನು ಮಗುವಿನ ಹಾಗೆ ಎತ್ತಿ ತನ್ನ ಆಟೊದಲ್ಲಿ ಹಾಕಿದ. ಭದ್ರಾವತಿಯಲ್ಲಿ ಬಿಪಿ ಸಿಗುತ್ತಿಲ್ಲ ಅಂದರು, ಆಂಬ್ಯುಲೆನ್ಸಿನಲ್ಲಿ ಇಲ್ಲಿಗೆ ಕಳಿಸಿದರು. ಐಸಿಯು ಬಾಗಿಲು ಹಾಕಿದೆ. ಚಪ್ಪಲಿ ಹಾಕಿಕೊಳ್ಳದೆ ಬಂದಿದ್ದೇನೆ, ಈಗ ಗೊತ್ತಾಯಿತು.

ಮೇ 13, ಸೋಮವಾರ

ಬಿಪಿ ನಿಲ್ಲುತ್ತಿಲ್ಲ. ಏನು ತಿಂದಿದ್ದರು ಎಂದು ಡಾಕ್ಟರು ಕೇಳಿದರು. ಬೆಳಿಗ್ಗೆ ತಿಂಡಿ ಆಗಿರಲಿಲ್ಲ, ರಾತ್ರಿ ಬಿರಿಯಾನಿ ಎಂದೆ. ಜ್ಯೂಸ್ ಹೇಳಬೇಕು ಅಂತ ಹೊಳೆಯಲೇ ಇಲ್ಲ. ಅದು ತಿನ್ನುವುದಲ್ಲವಲ್ಲ, ಔಷಧಿ.

ನಾದಿನಿ ನಂಜಮ್ಮ ಬಿರಿಯಾನಿ ಅನ್ನುವುದೊಂದನ್ನೇ ಹಿಡಿದುಕೊಂಡಳು. ಯಾರ ಮನೆಯದು ಅಂದಳು. ಹೇಳಿದೆ. ಅಷ್ಟು ಸಾಕಾಯಿತು. ಬಳಗಕ್ಕೆಲ್ಲ ಫೋನ್ ಮಾಡಿ, ಆ ಮನೆ ಊಟದಿಂದಲೇ ಅಣ್ಣನಿಗೆ ಹೀಗಾಯಿತು ಅನ್ನುತ್ತಿದ್ದಾಳೆ. ನಾನೂ ಅದೇ ಬಿರಿಯಾನಿ ತಿಂದಿದ್ದೆ, ನನಗೇನೂ ಆಗಿಲ್ಲ. ಅದನ್ನು ಹೇಳಲು ಬಾಯಿ ಬರಲಿಲ್ಲ. ಇವರೊಬ್ಬರು ಉಳಿದರೆ ಸಾಕು ಅನ್ನಿಸುತ್ತಿದೆ.

ಮೇ 15, ಬುಧವಾರ

ಮತ್ತೆ ರಕ್ತ ಹೋಯಿತು. ಹೀಗೇ ಆದರೆ ನಾಳೆ ಹೊಟ್ಟೆ ತೆರೆದು ನೋಡಬೇಕಾಗುತ್ತದೆ, ಈ ಬಿಪಿಯಲ್ಲಿ ಅಪಾಯ ಜಾಸ್ತಿ ಎಂದು ದೊಡ್ಡ ಡಾಕ್ಟರು ಹೇಳಿದರು. ಸಹಿ ಹಾಕಲು ಕಾಗದ ಕೊಟ್ಟರು. ಹಾಕದೆ ಕೂತಿದ್ದೆ.

ಮಧ್ಯಾಹ್ನ ಶಮೀಮ್ ಬಂದಳು, ನನ್ನ ಚಪ್ಪಲಿ, ಎರಡು ಸೀರೆ ಹಿಡಿದುಕೊಂಡು. ನಂಜಮ್ಮ ಬೆಂಚಿನಲ್ಲಿ ಜಾಗ ಬಿಡಲಿಲ್ಲ. ಶಮೀಮ್ ನನ್ನನ್ನು ಮೆಟ್ಟಿಲ ಕಡೆ ಕರೆದುಕೊಂಡು ಹೋದಳು.

"ವಸಂತಕ್ಕ, ಆ ಚಾನಲ್ ಏರಿ ಸೋರೆಕಾಯಿ ಏನ್ ಮಾಡಿದ್ರಿ?"

ಇವರಿಗೆ ಜ್ಯೂಸ್ ಮಾಡಿಕೊಟ್ಟೆ ಎಂದೆ. ಅವಳು ಗೋಡೆ ಹಿಡಿದುಕೊಂಡಳು.

"ಕಹಿ ವಿಷ ಇತ್ತಲ್ಲ ಅಕ್ಕ ಅದು. ಹೆಚ್ಚೋವಾಗ ಒಂದ್ ಚೂರು ನಾಲಿಗೆ ಮೇಲಿಟ್ಟೆ, ಉಗಿದು ಬಿಸಾಕ್ದೆ."

ಸೋರೆ, ಸೌತೆ ಹೆಚ್ಚುವಾಗ ಮೊದಲು ಚೂರು ತಿಂದು ನೋಡುವುದು ಅವಳ ರೂಢಿ. ನಮ್ಮಲ್ಲಿ ಅಡುಗೆ ಮಾಡುವವಳು ಬಾಯಿಗಿಟ್ಟರೆ ಎಂಜಲು. ಇವರು ಉಂಡು ಎದ್ದ ಮೇಲೇ ನನಗೆ ರುಚಿ ತಿಳಿಯುವುದು. ಮದುವೆಯಾದಾಗಿನಿಂದ ಹಾಗೇ.

ನನಗೆ ಮೊದಲು ಬಂದದ್ದು ಸಿಟ್ಟು. ಆವತ್ತೇ ಯಾಕೆ ಹೇಳಲಿಲ್ಲ ಎಂದು ಅವಳ ರಟ್ಟೆ ಹಿಡಿದೆ.

"ಹೆಂಗ್ ಹೇಳ್ಲಿ? ನೀವ್ ಕೊಟ್ಟ ಬದನೆಕಾಯಲ್ಲಿ ಹುಳ ಇತ್ತು ಅಂದಿದ್ದಕ್ಕೆ ಯುಗಾದಿ ತನಕ ಮಾತು ಬಿಟ್ರಿ ನೀವು. ಡಬ್ಬಿ ಕೊಡೋವಾಗ ಬಾಯಿ ತನಕ ಬಂತು. ನಿಮ್ದು ಚೆನ್ನಾಗೇ ಇರ್ಬೌದು ಅಂದ್ಕೊಂಡು ನುಂಗ್ಕೊಂಡೆ."

ಅವಳು ಅಳುತ್ತಿದ್ದಳು. ನಾನು ಕೈ ಬಿಟ್ಟೆ.

ಸೀದಾ ಐಸಿಯು ಒಳಗೆ ನುಗ್ಗಿದೆ. ಡ್ಯೂಟಿಯಲ್ಲಿದ್ದ ಡಾಕ್ಟರ್ ಮಂಜುಶ್ರೀಗೆ ಎಲ್ಲ ಹೇಳಿದೆ. ಎಷ್ಟು ಕುಡಿದರು ಎಂದು ಕೇಳಿದರು. ಲೋಟದ ತುಂಬ. ಕಹಿ ಇದೆ ಅಂತ ಪೇಷಂಟ್ ಹೇಳಲಿಲ್ವಾ ಅಮ್ಮ ಅಂದರು. ಹೇಳಿದರು ಎಂದೆ. ಆ ಡಾಕ್ಟರ್ ಹುಡುಗಿ ಕೂಡಲೇ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದಳು. ಕಹಿ ಸೋರೆಯ ವಿಷಕ್ಕೆ ಹೀಗೇ ಆಗುತ್ತದಂತೆ. ಆಪರೇಷನ್ ಸದ್ಯಕ್ಕೆ ಬೇಡ, ಡ್ರಿಪ್ಪಿನಲ್ಲೇ ಕಾಯೋಣ ಎಂದರು.

ಹೊರಗೆ ನಂಜಮ್ಮ ಇನ್ನೂ ಫೋನಿನಲ್ಲಿ ಅದೇ ಮಾತು. ಅವಳಿಗೆ ಹೇಳಲಿಲ್ಲ. ನನ್ನ ಧೈರ್ಯ ಒಳಗೇ ಮುಗಿದಿತ್ತು.

ಮೇ 16, ಗುರುವಾರ

ರಕ್ತ ನಿಂತಿದೆ. ಬಿಪಿ ಸ್ವಲ್ಪ ಪರವಾಗಿಲ್ಲ. ಗಾಜಿನಿಂದ ನೋಡಿದೆ. ತುಟಿ ಒಡೆದಿದೆ. ನನ್ನನ್ನು ಕಂಡು ಕೈ ಎತ್ತಲು ನೋಡಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಮೇ 21, ಮಂಗಳವಾರ

ಬೆಳಿಗ್ಗೆ ಮನೆಗೆ ಕರೆತಂದೆವು. ಹುಸೇನ್ ಆಟೊದಲ್ಲೇ. ಸೀಟು ಉಜ್ಜಿ ತೊಳೆದಿದ್ದಾನೆ. ಸೈಟಿನ ಗಿಡವೆಲ್ಲ ಒಣಗಿರಬಹುದು ಎಂದುಕೊಂಡಿದ್ದೆ, ಯಾರೋ ನೀರು ಹಾಕಿದ್ದಾರೆ. ಯಾರು ಅಂತ ಕೇಳಬೇಕಾಗಿಲ್ಲ.

ನಂಜಮ್ಮ ಜತೆಗೆ ಬಂದಿದ್ದಳು. ಶಮೀಮ್ ಗಂಜಿ ಹಿಡಿದುಕೊಂಡು ಗೇಟಿನ ಹತ್ತಿರ ನಿಂತಾಗ, ಇನ್ನು ಆ ಮನೆಯ ಒಂದು ಅಗುಳೂ ಬೇಡ ಅಂತ ಅವಳಿಗೆ ಕೇಳುವ ಹಾಗೇ ಅಂದಳು. ನನಗೆ ತಡೆಯಲಾಗಲಿಲ್ಲ.

"ನಿಮ್ಮಣ್ಣನಿಗೆ ವಿಷ ಕುಡಿಸಿದ್ದು ನಾನು, ನಂಜಮ್ಮ. ಕಹಿ ಅಂದ್ರು, ನಿಂತು ಕುಡಿಸ್ದೆ. ಇವಳ ಅನ್ನದಲ್ಲಿ ಏನೂ ಇರ್ಲಿಲ್ಲ. ಯಾರ್ಯಾರಿಗೆ ಫೋನ್ ಮಾಡಿದೀಯೋ ಅವ್ರಿಗೆಲ್ಲ ಇದನ್ನೂ ಹೇಳು."

ಗಂಜಿ ನಾನೇ ಹೋಗಿ ಈಸಿಕೊಂಡೆ. ನಂಜಮ್ಮ ಚೀಲ ಎತ್ತಿಕೊಂಡು ಹನ್ನೊಂದರ ಬಸ್ಸಿಗೆ ಹೊರಟಳು. ಎದೆ ಹಗುರವಾಯಿತು.

ಆಮೇಲೆ ಇವರ ಹತ್ತಿರ ಕೂತೆ. ಇನ್ನು ಮೇಲೆ ಏನೇ ಕೆಟ್ಟಿದ್ದರೂ ಹೇಳಿಬಿಡಿ, ನಾನು ಸಿಟ್ಟು ಮಾಡಿಕೊಳ್ಳುವುದಿಲ್ಲ ಎಂದೆ. ಹೂಂ ಅಂದರು. ಆಣೆ ಮಾಡಿಸಿಕೊಂಡೆ. ನಕ್ಕರು.

ಮಧ್ಯಾಹ್ನಕ್ಕೆ ಮೆತ್ತಗೆ ಅನ್ನ, ತಿಳಿಸಾರು ಮಾಡಿದೆ. ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ ಅಂದರು. ನಿಜ ಹೇಳಿ ಎಂದೆ. ಚೆನ್ನಾಗಿದೆ ಅಂದ್ನಲ್ಲ ಅಂದರು. ಮತ್ತೆ ಸಾರು ಹಾಕಿಸಿಕೊಂಡು, ತಟ್ಟೆ ಖಾಲಿ ಮಾಡಿ ಮಲಗಿದರು.

ಈಗ ನಾನು ಕೂತೆ. ಒಂದು ತುತ್ತು ಬಾಯಿಗಿಟ್ಟೆ. ಗಡಿಬಿಡಿಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೇನೆ. ನುಂಗಲಾಗಲಿಲ್ಲ. ಇವರು ಇದನ್ನು ಪೂರ್ತಿ —