ಚರಂಡಿಯ ಮೇಲಿನ ಹಲಗೆ

ಪುರಸಭೆಯ ಮುಖ್ಯಾಧಿಕಾರಿಗಳಿಗೆ,

ನಮಸ್ಕಾರ. ನಾನು ಮಾರ್ಕೆಟ್ ರಸ್ತೆಯಲ್ಲಿ ಬಟ್ಟೆ ಹೊಲಿಯುವವಳು. ನನ್ನ ಅಂಗಡಿ ಮುಂದೆ ಚರಂಡಿಯ ಚಪ್ಪಡಿ ಒಡೆದು ಏಳು ತಿಂಗಳಾಯಿತು. ನಾಲ್ಕು ಅರ್ಜಿ ಕೊಟ್ಟೆ. ನಿಮ್ಮವರು ಕಿವಿಗೇ ಹಾಕಿಕೊಳ್ಳಲಿಲ್ಲ. ನಮ್ಮತ್ತೆ ಅದರೊಳಗೆ ಬಿದ್ದು ಕಾಲು ಮುರಿದುಕೊಂಡ ದಿನ, ಬಟ್ಟೆ ಕತ್ತರಿಸುವ ನನ್ನ ಹಲಗೆಯನ್ನೇ ತಂದು ಗುಂಡಿ ಮುಚ್ಚಿದೆ. ಅಂದಿನಿಂದ ನಿನ್ನೆಯವರೆಗೂ ನೆಲದ ಮೇಲೆ ಕೂತೇ ಕತ್ತರಿಸಿದೆ.

ಆಮೇಲೆ ನಿಮ್ಮ ಇಂಜಿನಿಯರ್ ಸಾಹೇಬರು ಬಂದರು. ಹಲಗೆಯ ಫೋಟೊ ಹೊಡೆದುಕೊಂಡು, "ಚೆನ್ನಾಗಿ ಕೂತಿದೆಯಲ್ಲಮ್ಮಾ" ಅಂತ ಹೇಳಿ ಹೋದರು. ಮೊನ್ನೆ ನಿಮ್ಮ ಸಹಿಯ ಕಾಗದ ಬಂತು: "ಚರಂಡಿಗೆ ಮುಚ್ಚಳ ಹಾಕಲಾಗಿದೆ. ದೂರು ಮುಕ್ತಾಯ." ಜೊತೆಗೆ ಪುರಾವೆಯೆಂದು ನನ್ನ ಹಲಗೆಯ ಫೋಟೊ. ಅದರಲ್ಲಿ ನಾನು ಸೀಮೆಸುಣ್ಣದಲ್ಲಿ ಬರೆದಿಟ್ಟ ಯಾರದೋ ಅಂಗಿತೋಳಿನ ಅಳತೆ ಕೂಡ ಕಾಣುತ್ತದೆ, ಸ್ವಾಮಿ! ನಾಚಿಕೆ ಅನ್ನೋದು ಸ್ವಲ್ಪವಾದರೂ ಬೇಡವೇ?

ಇವತ್ತು ನನ್ನ ಹಲಗೆ ವಾಪಸ್ ತೆಗೆದುಕೊಂಡೆ. ದಾರಿಹೋಕರು ಬೀಳದಿರಲಿ ಅಂತ ಸುತ್ತ ಸ್ಟೂಲುಗಳನ್ನಿಟ್ಟು ಹಗ್ಗ ಕಟ್ಟಿದ್ದೇನೆ. ಗುಂಡಿಯ ಮೇಲೆ ನಿಮ್ಮ ಕಾಗದವನ್ನೇ ಹಾಸಿ, ನಾಲ್ಕೂ ಮೂಲೆಗೆ ಕಲ್ಲಿಟ್ಟಿದ್ದೇನೆ. ತಾವೇ ದಯಮಾಡಿಸಿ, ಮೊದಲು ಅದರ ಮೇಲೆ ಕಾಲಿಡಬೇಕು.

ಹಗ್ಗ ಬಿಚ್ಚಿಕೊಡಲು ಬಾಗಿಲಲ್ಲೇ ಕಾಯುತ್ತಿರುವ,
ಟೈಲರಮ್ಮ